ಅಂಜಿಕೆ ಒಪ್ಪಿಸುವ ಹೊತ್ತು

ಹೊಳೆಸಗರದ ಗೊಬ್ಬರದ ಕಾರ್ಖಾನೆಯಲ್ಲಿ ಪಾಳಿ ಬದಲಾಗುವಾಗ ಒಂದು ಪದ್ಧತಿ ಇತ್ತು. ಹೊರಗಿನವರು ಕೇಳಿದರೆ ನಗುವಂಥದ್ದು. ಕೆಲಸ ಮುಗಿಸಿ ಹೊರಡುವವರು ಯಂತ್ರಗಳ ಸ್ಥಿತಿಗತಿ ಒಪ್ಪಿಸಿದ ಮೇಲೆ, ಹೊಸ ಪಾಳಿಯವರ ಎದುರು ನಿಂತು ತಲಾ ಒಂದು ಅಂಜಿಕೆ ಹೇಳಬೇಕು. ಪಂಪಿನ ಸದ್ದು ಯಾಕೋ ಸರಿ ಅನ್ನಿಸುತ್ತಿಲ್ಲ ಎಂದೋ, ಕೊಳವೆಯ ಆ ತಿರುವಿನ ಹತ್ತಿರ ಹೋದರೆ ಮೈ ಜುಂ ಅನ್ನುತ್ತದೆ ಎಂದೋ, ಏನಾದರೂ ಸರಿ. ಕಾರಣ ಕೊಡಬೇಕಾಗಿರಲಿಲ್ಲ. ಕೇಳಿದವರು ಹಂಗಿಸುವಂತಿರಲಿಲ್ಲ. “ನಂದೇನೂ ಇಲ್ಲ” ಎಂದವನನ್ನು ಮಾತ್ರ “ಹೋಗಿ ಹುಡುಕ್ಕೊಂಡು ಬಾ” ಎಂದು ವಾಪಸು ಅಟ್ಟುತ್ತಿದ್ದರು. ಅಂಜಿಕೆ ಒಪ್ಪಿಸದೆ ಮನೆಗೆ ಹೋಗುವ ಹಾಗಿರಲಿಲ್ಲ.

ಯಾರು ಶುರು ಮಾಡಿದರೋ ಗೊತ್ತಿಲ್ಲ. ಆದರೆ ಕೃಷ್ಣೆಯ ದಂಡೆಯ ಆ ಕಾರ್ಖಾನೆ ದೇಶದಲ್ಲೇ ಮೊದಲನೆಯದು ಎನ್ನಿಸಿಕೊಂಡಿತ್ತು. ಅಷ್ಟು ದೊಡ್ಡ ಅಮೋನಿಯಾ ಟ್ಯಾಂಕನ್ನು ಮಡಿಲಲ್ಲಿ ಇಟ್ಟುಕೊಂಡೂ ಒಂದು ಸಲವೂ ಸೋರಿಕೆಯ ಸೈರನ್ ಊದಿರಲಿಲ್ಲ. ದೇಶಕ್ಕೆ ಮೊದಲಾದವರಿಗೆ ಜಗತ್ತಿಗೂ ಮೊದಲಾಗಬೇಕು ಅನ್ನಿಸುವುದು ಸಹಜ. ಆಡಳಿತದವರು ಡಾಕ್ಟರ್ ಶ್ರೀವತ್ಸ ಕಡಾಂಬಿಯವರನ್ನು ಕರೆಸಿದ್ದು ಹಾಗೆ.

ಕಡಾಂಬಿ ಮೈಸೂರಿನ ಕಡೆಯವರು, ಮೆದು ಮಾತಿನವರು. ಒಳ್ಳೆಯ ಸಂಸ್ಥೆಗಳು ಯಾಕೆ ಒಳ್ಳೆಯವಾಗಿರುತ್ತವೆ ಎಂಬುದೊಂದನ್ನೇ ಹಿಡಿದು ತಲೆ ಬೆಳ್ಳಗೆ ಮಾಡಿಕೊಂಡವರು. ವರ್ಷವಿಡೀ ಎಲ್ಲರ ಮುಂಗೈಗೆ ಅಳತೆಯ ಬಿಲ್ಲೆ ಕಟ್ಟಿಸಿ ಎದೆಬಡಿತ, ಉಸಿರು, ಬೆವರು ಎಲ್ಲ ದಾಖಲಿಸಿದರು. ಕೆಲಸ ಅತ್ಯುತ್ತಮವಾಗಿ ಸಾಗಿದ ಹೊತ್ತುಗಳಲ್ಲೆಲ್ಲ ಇಡೀ ಪಾಳಿಯ ಎದೆಬಡಿತ ನಿಧಾನವಾಗಿ, ಒಂದೇ ಲಯಕ್ಕೆ ಬಂದಿರುತ್ತಿತ್ತು. ನಿರ್ಭಯವಾದ ತಂಡವೇ ಶ್ರೇಷ್ಠ ತಂಡ ಎಂದು ಅವರು ಬರೆದರು. ಆಮೇಲೆ ಆ ನಿರ್ಭಯವನ್ನು ತಯಾರಿಸುವ ಉಪಕರಣ ಮಾಡಿದರು.

ಅದೊಂದು ಕೊರಳ ಪಟ್ಟಿ. ಮಿದುಳಿನಿಂದ ಎದೆಗೆ, ಹೊಟ್ಟೆಗೆ ಇಳಿಯುವ ನರವೊಂದು ಕತ್ತಿನಲ್ಲಿ ಹಾದುಹೋಗುತ್ತದೆ. ಪಟ್ಟಿ ಅದಕ್ಕೆ ಸಣ್ಣ ವಿದ್ಯುತ್ತಿನಿಂದ ಕಚಗುಳಿ ಇಟ್ಟರೆ, ಎಲ್ಲ ಕ್ಷೇಮ ಎಂಬ ಸುದ್ದಿ ಮೈಗೆಲ್ಲ ಹೋಗುತ್ತದೆ. ಬುದ್ಧಿ ಮಂಕಾಗುವುದಿಲ್ಲ, ನೆನಪು ಕೆಡುವುದಿಲ್ಲ. ಹೆದರಿಕೆ ಮಾತ್ರ ಹುಟ್ಟುವುದಿಲ್ಲ. ಹಾಕಿಕೊಂಡವರಿಗೆ ಕುತ್ತಿಗೆಯ ಹತ್ತಿರ ತಣ್ಣಗೆ ಅನ್ನಿಸುತ್ತಿದ್ದುದರಿಂದ ಜನ ಅದನ್ನು ತಂಪುಪಟ್ಟಿ ಎಂದು ಕರೆದರು. ಮನೆಯಲ್ಲೂ ಹಾಕಿಕೊಂಡೇ ಇರುತ್ತಿದ್ದರು, ಏಕೆಂದರೆ ತೆಗೆಯಲು ಯಾರಿಗೂ ಮನಸ್ಸಿರಲಿಲ್ಲ.

ಹಾಕಿಕೊಳ್ಳದೆ ಉಳಿದವಳು ಮಹಾನಂದಾ ಒಬ್ಬಳೇ. ಬೆಳಗಿನ ಪಾಳಿಯ ಮುಖ್ಯಸ್ಥೆ, ರಾಸಾಯನಿಕ ಎಂಜಿನಿಯರ್. ಥೈರಾಯಿಡ್ ಗಂಟು ತೆಗೆಸಿದ್ದರಿಂದ ಅವಳ ಕತ್ತಿಗೆ ಪಟ್ಟಿ ಕೂಡದು ಎಂದು ವೈದ್ಯರು ಬರೆದುಕೊಟ್ಟಿದ್ದರು. ಮೊದಮೊದಲು ಅವಳಿಗೆ ಇದೊಂದು ಕೊರತೆ ಅನ್ನಿಸಿತ್ತು, ಎಲ್ಲರೂ ಉಂಡೆದ್ದ ಪಂಕ್ತಿಯಲ್ಲಿ ತಾನೊಬ್ಬಳು ಉಪವಾಸ ಕೂತ ಹಾಗೆ.

ಕೊರತೆ ಅನ್ನಿಸಲು ಕಾರಣವೂ ಇತ್ತು. ಅವಳ ಗಂಡ ಚನ್ನವೀರ ಅದೇ ಪಾಳಿಯಲ್ಲಿ ಟ್ಯಾಂಕಿನ ಹೊರಗೆಲಸ ನೋಡುವವನು, ಹುಟ್ಟಾ ಪುಕ್ಕಲ. ಮಗಳಿಗೆ ಸೀನು ಬಂದರೆ ಆಸ್ಪತ್ರೆ ಎನ್ನುವವನು, ಹೊರಟ ಮೇಲೆ ಬೀಗ ಜಗ್ಗಿ ನೋಡಲು ಅರ್ಧ ದಾರಿಯಿಂದ ತಿರುಗುವವನು. ಆ ಅಂಜಿಕೆಯೆಲ್ಲ ಮನೆಯಲ್ಲಿ ಸಿಟ್ಟಾಗಿ ಹೊರಬೀಳುತ್ತಿತ್ತು. ಪಟ್ಟಿ ಬಂದಮೇಲೆ ಅವನ ಹಣೆಯ ಗಂಟು ಬಿಚ್ಚಿಕೊಂಡಿತು. ಮಗಳು ಗಂಗೋತ್ರಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಕಾಲೊನಿಯೆಲ್ಲ ಸುತ್ತಿಸಿದ. ಮಹಾನಂದಾ ನಿಜಕ್ಕೂ ಸಂತೋಷಪಟ್ಟಳು.

ಕಾರ್ಖಾನೆಯಲ್ಲೂ ಹಾಗೆಯೇ ಆಯಿತು. ಜಗಳಗಳು ನಿಂತವು, ಉತ್ಪಾದನೆ ಏರಿತು, ಜಾಗತಿಕ ಶ್ರೇಯಾಂಕದಲ್ಲಿ ಹೊಳೆಸಗರದ ಹೆಸರು ಮೆಟ್ಟಿಲು ಹತ್ತಿದ ಹಾಗೆ ಹತ್ತಿತು. ಪಾಳಿ ಬದಲಾಗುವಾಗ ಅಂಜಿಕೆ ಕೇಳಿದರೆ ಎಲ್ಲರೂ ಮುಖ ಮುಖ ನೋಡಿಕೊಂಡು ನಗುತ್ತಿದ್ದರು. ಇಲ್ಲದ್ದನ್ನು ಎಲ್ಲಿಂದ ತರುವುದು? ಕೊನೆಗೆ ಆಡಳಿತದವರು ಆ ಪದ್ಧತಿಯನ್ನೇ ಕೈಬಿಟ್ಟರು. ಹೊತ್ತು ಉಳಿಯಿತು ಎಂದು ಎಲ್ಲರೂ ಒಪ್ಪಿದರು, ಮಹಾನಂದಾ ಕೂಡ.

ಅವಳ ಸಂತೋಷಕ್ಕೆ ಕಲ್ಲು ಬಿದ್ದದ್ದು ಒಂದು ಭಾನುವಾರದ ಬೆಳಿಗ್ಗೆ. ಒಗೆದ ಬಟ್ಟೆ ಹರವಲು ಮಹಡಿ ಹತ್ತಿದಳು. ಗಂಗೋತ್ರಿ ಅಂಚುಗೋಡೆಯ ಮೇಲೆ ಎರಡೂ ಕೈ ಚಾಚಿ ನಡೆಯುತ್ತಿದ್ದಳು. ಆ ಕಡೆ ಮೂರಂತಸ್ತಿನ ಆಳ. ಚನ್ನವೀರ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತ ಅವಳನ್ನೇ ನೋಡುತ್ತಿದ್ದ. ಮಹಾನಂದಾ ಕೂಗಿದರೆ ಮಗು ಬೆಚ್ಚುತ್ತದೆಂದು ಉಸಿರು ಬಿಗಿಹಿಡಿದು ಹೋಗಿ ಮಗಳನ್ನು ಬಾಚಿ ಇಳಿಸಿದಳು.

“ಕಣ್ಣೆದುರಿಗೇ ಇತ್ತಲ್ಲೋ ಕೂಸು. ಇಳಸಾಕ ಏನಾಗಿತ್ತು ನಿನಗ?”

“ಇಳಿ ಅಂದೆನಲ್ಲ. ಇನ್ನೊಂದು ಸುತ್ತು ಹೊಡೀತೀನಿ ಅಂದ್ಲು,” ಎಂದ ಅವನು, ಮಗಳ ಮೇಲಿನ ಪ್ರೀತಿ ಮುಖದಲ್ಲಿ ತುಂಬಿ. “ಬೀಳ್ಲಿಲ್ಲಲ್ಲ ನಂದಾ. ಯಾಕಿಷ್ಟು ಗಾಬರಿ ನಿನಗ? ಕೂಡು, ಚಾ ಕುಡಿ.”

ಅವನು ಸುಳ್ಳು ಹೇಳುತ್ತಿರಲಿಲ್ಲ, ಅಸಡ್ಡೆಯನ್ನೂ ಮಾಡಿರಲಿಲ್ಲ. ಮಗು ಬಿದ್ದರೆ ಏನಾಗುತ್ತದೆ ಎಂಬುದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಗೊತ್ತಿದ್ದುದು ಅವನನ್ನು ಕುರ್ಚಿಯಿಂದ ಎಬ್ಬಿಸಲಿಲ್ಲ, ಅಷ್ಟೇ. ಮಹಾನಂದಾಗೆ ಗಂಡನನ್ನು ನೋಡಿ ಮೊದಲ ಸಲ ಹೆದರಿಕೆಯಾಯಿತು.

ಮರುದಿನ ನಿಯಂತ್ರಣ ಕೊಠಡಿಗೆ ಕಾಲಿಟ್ಟಾಗಲೂ ಆ ಹೆದರಿಕೆ ಇಳಿದಿರಲಿಲ್ಲ. ಗೋಡೆಯ ತುಂಬ ಪರದೆಗಳು, ಹಸಿರು ಅಂಕಿಗಳು, ಶಾಂತ ಮುಖಗಳು. ಎಲ್ಲ ಎಂದಿನಂತೆಯೇ ಇತ್ತು. ಅವಳು ಹಿರಿಯ ಆಪರೇಟರ್ ರಜಾಕ್ ಸಾಬರ ಪಕ್ಕದಲ್ಲಿ ನಿಂತಳು.

“ಸಾಬ್ರ, ಪದ್ಧತಿ ಹಾಳಾಗಿ ಹೋಗ್ಲಿ. ಮೊದಲಿನಂಗ ಅಂಜಿಕಿ ಒಪ್ಪಸ್ರಿ ಅಂದ್ರ ಏನು ಹೇಳ್ತಿದ್ರಿ ಇವತ್ತು?”

ಅವರು ಯೋಚಿಸಿದರು. “ಅಂಜಿಕಿ ಇಲ್ರಿ ಮೇಡಂ. ಮೊದಲಿನ ಕಾಲಾಗಿದ್ರ ಕಂಪ್ರೆಸರಿನ ಎಣ್ಣಿ ಹೇಳ್ತಿದ್ದೆ. ದಿನಾ ಒಂದೀಟೊಂದೀಟು ಬಿಸಿ ಜಾಸ್ತಿ ಆಗಾಕತ್ತೈತಿ. ಅದರ ಜೋಡೀದು ರಿಪೇರಿಗೆ ಬಿಚ್ಚೈತಲ್ರಿ, ಇದು ನಿಂತ್ರ ಇನ್ನೊಂದಿಲ್ಲ.”

ಅಮೋನಿಯಾ ದ್ರವವಾಗಿ ಉಳಿಯಬೇಕಾದರೆ ಟ್ಯಾಂಕು ಸದಾ ಹಿಮಕ್ಕಿಂತ ತಣ್ಣಗಿರಬೇಕು. ಆ ತಂಪನ್ನು ಕಾಯುವುದು ಈ ಕಂಪ್ರೆಸರ್. ಮಹಾನಂದಾ ಪಕ್ಕದ ಮೇಜಿನ ಸಂಗಮೇಶನತ್ತ ತಿರುಗಿದಳು. ಹೆಚ್ಚಾದ ಅನಿಲವನ್ನು ಸುಟ್ಟುಹಾಕುವ ಎತ್ತರದ ಚಿಮಣಿ ಅವನ ಪಾಲಿನದು.

“ಚಿಮಣಿ ಉರಿ ಗಾಳಿಗೆ ಆರಾಕತ್ತೈತ್ರಿ ಮೇಡಂ, ಒಂದು ವಾರದಿಂದ. ಆರಿದಾಗ ಹಚ್ತೀನಿ,” ಎಂದ ಅವನು.

ಅವಳು ರೇಡಿಯೊ ಎತ್ತಿ ಹೊರಗಿದ್ದ ಗಂಡನನ್ನು ಕೇಳಿದಳು.

“ಟ್ಯಾಂಕಿನ ಮ್ಯಾಲಿಂದು ಸುರಕ್ಷಾ ವಾಲ್ವು ಬಂದ್ ಐತಿ,” ಎಂದ ಚನ್ನವೀರ. “ರಿಪೇರಿಗಂತ ಮುಚ್ಚಿದ್ರು. ಜೋಡಿ ವಾಲ್ವು ತೆರೀಬೇಕಿತ್ತು, ಯಾರೂ ತೆರೆದಿಲ್ಲ.”

ಮೂರು ಮಾತುಗಳೂ ಅವಳ ತಲೆಯಲ್ಲಿ ಒಂದಕ್ಕೊಂದು ಕೂಡಿಕೊಂಡವು. ಬಿಸಿಯಾದ ಕಂಪ್ರೆಸರ್ ನಿಂತರೆ ಟ್ಯಾಂಕು ಬಿಸಿಯಾಗುತ್ತದೆ, ಒತ್ತಡ ಏರುತ್ತದೆ. ಅದು ಹೊರಹೋಗುವ ಬಾಗಿಲು ಮುಚ್ಚಿದೆ. ಬಾಗಿಲು ತೆರೆದರೂ ಸುಡುವ ಉರಿ ಇಲ್ಲ. ಗಾಳಿ ಬೀಸುವುದು ಕಾಲೊನಿಯ ಕಡೆಗೆ. ಕಾಲೊನಿಯಲ್ಲಿ ಶಾಲೆ ಇದೆ, ಶಾಲೆಯಲ್ಲಿ ಗಂಗೋತ್ರಿ ಇದ್ದಾಳೆ.

“ಇಷ್ಟೆಲ್ಲ ಗೊತ್ತಿದ್ದೂ ಯಾಕ ಹೇಳಲಿಲ್ರಿ ಸಾಬ್ರ?”

“ಕೇಳಿದ್ರ ಹೇಳ್ತಿದ್ವಿ,” ಎಂದರು ರಜಾಕ್ ಸಾಬರು ಪ್ರಾಮಾಣಿಕವಾಗಿ. “ಹಂಗ ತಾನಾಗಿ ಬಾಯಿಗೆ ಬರೂದಿಲ್ಲ ಈಗ.”

“ಪಟ್ಟಿ ತೆಗೀರಿ. ಒಂದು ದಿನದ ಮಟ್ಟಿಗೆ.”

ಅವರು ಕೊರಳಿನ ಮೇಲೆ ಕೈಯಿಟ್ಟುಕೊಂಡರು. “ಮೇಡಂ, ನೌಕರಿಗೆ ಬಂದಾಗಿಂದ ಅಂಜಿಕೋತನ ಬದುಕೀನಿ. ಕಣ್ಣು ಮುಚ್ಚಿದ್ರ ಟ್ಯಾಂಕು ಕಾಣಸ್ತಿತ್ತು. ಈಗ ನಿದ್ದಿ ಬರ್ತೈತಿ. ಅದನ್ನ ಕಸಗೋಬ್ಯಾಡ್ರಿ.”

ಅವಳು ಮತ್ತೆ ರೇಡಿಯೊ ಎತ್ತಿದಳು. ಜೋಡಿ ವಾಲ್ವು ಈಗಲೇ ತೆರೆ ಎಂದು ಗಂಡನಿಗೆ ಹೇಳಿ, ಪಟ್ಟಿಗಳನ್ನು ಒಟ್ಟಿಗೆ ನಿಲ್ಲಿಸುವ ಅಧಿಕಾರ ಇದ್ದ ಒಬ್ಬರೇ ಮನುಷ್ಯನ ಬಳಿಗೆ ಓಡಿದಳು.

ಕಡಾಂಬಿಯವರ ಪ್ರಯೋಗಶಾಲೆ ಅದೇ ಕಟ್ಟಡದ ಮೇಲಿನ ಅಂತಸ್ತಿನಲ್ಲಿತ್ತು. ಅವರು ಎದ್ದು ನಿಂತು ಕುರ್ಚಿ ತೋರಿಸಿದರು. ಅವಳು ನಿಂತೇ ಕೇಳಿದಳು.

“ಸರ್, ಪಾಳಿ ಬದಲಾಗೂ ಹೊತ್ತಿನ ಅಳತಿ ಎಲ್ಲೈತ್ರಿ? ನೀವು ತೋರಿಸೂ ನಕ್ಷಾದಾಗ ಅದಿಲ್ಲ.”

“ಅದನ್ನ ತೆಗೆದುಬಿಟ್ಟೆ ಕಣಮ್ಮ. ಆ ಹೊತ್ತಲ್ಲಿ ಎಲ್ರ ಎದೆಬಡಿತಾನೂ ಎರ್‍ರಾಬಿರ್‍ರಿ ಇರ್ತಿತ್ತು. ಬರೀ ಗದ್ದಲ. ಆಮೇಲಿನದನ್ನ ಮಾತ್ರ ಲೆಕ್ಕಕ್ಕೆ ತಗೊಂಡೆ.”

“ಆ ಗದ್ದಲದಾಗನ ನಾವು ಅಂಜಿಕಿ ಹೇಳ್ತಿದ್ವಿ ಸರ್. ಒಬ್ಬೊಬ್ಬರು ಒಂದೊಂದು ಚೂರು. ನನ್ನ ಅಂಜಿಕಿ ಇನ್ನೊಬ್ರು ಕೇಳಿಸ್ಕೊಂಡ್ರು ಅಂದ ಮ್ಯಾಲ ಎದಿ ಹಗೂರ ಆಗ್ತಿತ್ತು. ಆಮೇಲಿನ ಶಾಂತಿ ಅಲ್ಲಿಂದ ಬಂದದ್ದು. ನೀವು ಹಣ್ಣು ನೋಡಿದ್ರಿ, ಗಿಡ ಕಡದ್ರಿ.”

ಕಡಾಂಬಿ ತಮ್ಮ ನಕ್ಷೆಯನ್ನು ಎಳೆದುಕೊಂಡು ಮತ್ತೊಮ್ಮೆ ನೋಡಿದರು. ಆಮೇಲೆ ಅವರ ಮುಖ ಅರಳಿತು. “ನೀವು ಹೇಳ್ತಿರೋದು ಪೂರ್ತಿ ಸರಿ. ಪರಿಣಾಮಾನೇ ಕಾರಣ ಅಂದ್ಕೊಂಡ್ಬಿಟ್ಟಿದೀನಿ. ಇಡೀ ಕೆಲಸ ತಲೆಕೆಳಗಾಯ್ತು. ಎಷ್ಟು ಚೆನ್ನಾಗಿದೆ ನೋಡಿ ಇದು. ಮುಂದಿನ ವರದೀಲಿ ಸೇರಿಸ್ತೀನಿ.”

“ಮುಂದಿನ ವರದಿ? ಸರ್, ಇವತ್ತ ಟ್ಯಾಂಕು...”

“ಹೌದು ಹೌದು, ಅದೂ ಸಿಡೀಬಹುದು,” ಎಂದರು ಅವರು, ತಲೆಯಾಡಿಸುತ್ತ. ಅಂಗಿಯ ಕಾಲರಿನ ಒಳಗೆ ಅವರ ಕೊರಳಲ್ಲಿ ತೆಳ್ಳಗಿನ ಬೂದು ಪಟ್ಟಿ ಇತ್ತು.

ಮಹಾನಂದಾ ವಾದ ಮಾಡಿ ಗೆದ್ದಿದ್ದಳು, ಗೆದ್ದರೂ ಏನೂ ಆಗಿರಲಿಲ್ಲ. ಈ ಮನುಷ್ಯನಿಗೆ ಅರ್ಥವಾಗಿತ್ತು, ಕೆಳಗಿನವರಿಗೂ ಅರ್ಥವಾಗಿತ್ತು, ಮೇಲಿನ ಆಡಳಿತದವರ ಕೊರಳಲ್ಲೂ ಇದೇ ಪಟ್ಟಿ. ಒಂದು ಊರಿಗಾಗುವಷ್ಟು ಅಂಜಿಕೆಯನ್ನು ಅವಳೊಬ್ಬಳು ಹೊತ್ತು ನಿಂತಿದ್ದಳು. ಅಷ್ಟರಲ್ಲಿ ರೇಡಿಯೊದಲ್ಲಿ ರಜಾಕ್ ಸಾಬರ ಧ್ವನಿ ಕೇಳಿತು. ಊಟಕ್ಕೆ ಕರೆಯುವಂಥ ಧ್ವನಿ ಅದು.

“ಮೇಡಂ, ಕಂಪ್ರೆಸರ್ ನಿಂತೈತ್ರಿ.”

ಮೆಟ್ಟಿಲುಗಳನ್ನು ಹೇಗೆ ಇಳಿದಳೋ ಅವಳಿಗೇ ಗೊತ್ತಿಲ್ಲ. ಕೊಠಡಿಯಲ್ಲಿ ಎಲ್ಲರೂ ತಮ್ಮ ತಮ್ಮ ಜಾಗದಲ್ಲೇ ಕೂತಿದ್ದರು. ಟ್ಯಾಂಕಿನ ಒತ್ತಡದ ಅಂಕಿ ಹಳದಿಗೆ ತಿರುಗಿತ್ತು.

“ಚನ್ನು, ವಾಲ್ವು ತೆರೆದಿಯಾ?”

“ಇಲ್ಲ. ಚಾ ಕುಡದು ಹೋಗೂಣು ಅಂತ ಕುಂತೀನಿ.”

ಅವಳಿಗೆ ಅಳು ನುಗ್ಗಿ ಬಂತು. ನುಂಗಿಕೊಂಡು ಆಜ್ಞೆ ಕೊಡಲು ಶುರುಮಾಡಿದಳು. ಮೊದಲು ಶಾಲೆ. ಮಕ್ಕಳನ್ನು ಗಾಳಿಗೆ ಅಡ್ಡವಾಗಿ ಹೊಳೆಯ ಕಡೆ ಕಳಿಸಲು ಹೇಳಿದಳು. ಟ್ಯಾಂಕಿಗೆ ಹೋಗುವ ಹರಿವು ನಿಲ್ಲಿಸಲು ಹೇಳಿದಳು. ಅವರು ಮಾಡಿದ ರೀತಿ ಮಾತ್ರ ಅದ್ಭುತ. ಒಬ್ಬರ ಕೈಯೂ ತಪ್ಪಲಿಲ್ಲ, ಒಂದು ಮಾತನ್ನು ಎರಡು ಸಲ ಹೇಳಬೇಕಾಗಲಿಲ್ಲ. ಜಗತ್ತಿನ ಯಾವ ಕಾರ್ಖಾನೆಯಲ್ಲೂ ಇಷ್ಟು ಚೊಕ್ಕಟವಾಗಿ ಕೆಲಸ ನಡೆದಿರಲಿಕ್ಕಿಲ್ಲ. ಆದರೆ ಅವಳು ಹೇಳದೆ ಇದ್ದದ್ದು ಒಂದೂ ನಡೆಯುತ್ತಿರಲಿಲ್ಲ.

“ಚನ್ನು, ಓಡು. ಗಾಳಿಗೆ ಬೆನ್ನು ಮಾಡಿ ಆ ಕಡೆ ಏಣಿಯಿಂದ ಹತ್ತು. ಉಸಿರಿನ ಮುಖವಾಡ ಹಾಕ್ಕೊಂಡಿಯಾ?”

“ಇಲ್ಲ. ಹಾಕ್ಕೋತೀನಿ.”

ಹೆದರಿಕೆ ಒಬ್ಬ ಮನುಷ್ಯನಿಗೆ ಎಷ್ಟೊಂದು ಸಲ ಕಿವಿಯಲ್ಲಿ ಪಿಸುಗುಡುತ್ತದೆ ಎಂಬುದು ಆಗ ಅವಳಿಗೆ ತಿಳಿಯಿತು. ಕಾಲಿಡುವಾಗ, ಕೈಚಾಚುವಾಗ, ತಿರುಗಿ ನೋಡುವಾಗ. ಅವೆಲ್ಲವನ್ನೂ ಈಗ ಅವಳೇ ಬಾಯಿಬಿಟ್ಟು ಹೇಳಬೇಕಿತ್ತು. ಅವಳು ಅಂಜಲು ಮರೆತದ್ದು ಯಾವುದೋ ಅದು ಯಾರನ್ನಾದರೂ ಕೊಲ್ಲುತ್ತಿತ್ತು.

“ಹತ್ತೀನಿ. ಚಕ್ರದ ಮ್ಯಾಲ ಕೈ ಐತಿ. ತೆರೀಲಾ?”

ತೆರೆ ಎನ್ನಲು ಬಾಯಿ ತೆರೆದಿದ್ದಳು. ಯಾವುದೋ ಒಂದು ತಡೆಯಿತು. “ತಡಿ. ಸಂಗಮೇಶ, ಚಿಮಣಿ ಉರಿ ಐತಾ?”

“ಆರೇತ್ರಿ,” ಎಂದ ಸಂಗಮೇಶ.

“ಈಗಿಂದೀಗ ಹಚ್ಚು,” ಎಂದಳು ಅವಳು. ಅವನು ಕಿಡಿ ಹಚ್ಚಿ, ಉರಿ ನಿಂತಿತು ಎನ್ನುವವರೆಗೆ ಒತ್ತಡದ ಅಂಕಿ ಕೆಂಪಿಗೆ ತಿರುಗಿ ಮೇಲೇರುತ್ತಲೇ ಇತ್ತು. ಟ್ಯಾಂಕಿನ ತಲೆಯ ಮೇಲೆ ಗಂಡ ಸುಮ್ಮನೆ ನಿಂತಿದ್ದ. ಅವನಿಗೆ ಅವಸರವಿರಲಿಲ್ಲ.

“ಈಗ ತೆರೆ.”

ಕಿಟಕಿಯಾಚೆ ಚಿಮಣಿಯ ತುದಿಯಲ್ಲಿ ಉರಿ ಧಗ್ಗೆಂದು ಎದ್ದಿತು. ಅಂಕಿ ತಡವರಿಸಿತು, ನಿಂತಿತು, ಇಳಿಯತೊಡಗಿತು. ಮಹಾನಂದಾ ಮೇಜಿಗೆ ಹಣೆ ಹಚ್ಚಿ ಉಸಿರು ಬಿಟ್ಟಳು. ರೇಡಿಯೊ ಕರಕರ ಎಂದಿತು.

“ನಂದಾ, ಚಕ್ರದ ಬುಡಕ್ಕ ಅಮೋನಿಯಾ ಚಿಮ್ಮಾಕತ್ತಿತ್ತು. ಹಿಡಕೊಂಡು ತಿರುವೀನಿ. ಕೈ ಎರಡೂ ಬೆಳ್ಳಗಾಗ್ಯಾವ, ಮಡಚಾಕ ಬರವಲ್ವು. ಕೈಗವಸು ಹಾಕ್ಕೋ ಅಂತ ನೀ ಹೇಳಲಿಲ್ಲ.”

ಅದರಲ್ಲಿ ದೂರು ಇರಲಿಲ್ಲ. ಇದ್ದದ್ದನ್ನು ಹೇಳಿದ್ದ, ಅಷ್ಟೇ.

ವಾರದ ಕೊನೆಗೆ ಸಭೆ ಕೂಡಿತು. ಪರದೆಯ ಮೇಲೆ ವಿದೇಶದ ಪರೀಕ್ಷಕರಿದ್ದರು. ಅಷ್ಟು ದೊಡ್ಡ ಅವಘಡವನ್ನು ಅಷ್ಟು ಬೇಗ ಹತೋಟಿಗೆ ತಂದ ಸಂಸ್ಥೆ ಇನ್ನೊಂದಿಲ್ಲ ಎಂದು ಅವರು ಹೊಳೆಸಗರಕ್ಕೆ ಮೊದಲ ಸ್ಥಾನ ಕೊಟ್ಟರು. ಕಡಾಂಬಿ ತಮ್ಮ ತಪ್ಪನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡು, ಹೊಸ ತೀರ್ಮಾನ ಮುಂದಿಟ್ಟರು. ಸಂಸ್ಥೆಗೆ ಅಂಜಿಕೆ ಬೇಕು, ಆದರೆ ಎಲ್ಲರಿಗೂ ಬೇಕಾಗಿಲ್ಲ. ಪಾಳಿಗೊಬ್ಬರು ಅಂಜಿದರೆ ಸಾಕು, ಉಳಿದವರು ಶಾಂತವಾಗಿ ಮಾಡುತ್ತಾರೆ. ಎಲ್ಲರೂ ಚಪ್ಪಾಳೆ ತಟ್ಟಿದರು.

“ಉಳಿದ ಪಾಳಿಗೆ ಯಾರ್ರಿ?” ಎಂದು ಮಹಾನಂದಾ ಕೇಳಿದಳು. “ಪಟ್ಟಿ ತೆಗೀಲಿಕ್ಕೆ ಯಾರು ತಯಾರದೀರಿ?”

ಯಾರೂ ಕೈಯೆತ್ತಲಿಲ್ಲ. ಕೈಯೆತ್ತದಿದ್ದರೆ ಏನಾದೀತು ಎಂಬ ಭಯ ಅವರಲ್ಲಿ ಯಾರಿಗೂ ಇರಲಿಲ್ಲ.

“ಹುಡುಕೂಣ್ರಿ, ಅವಸರೇನೈತಿ,” ಎಂದರು ಆಡಳಿತದ ಮುಖ್ಯಸ್ಥರು.

ಸಂಜೆ ಮನೆಯಲ್ಲಿ ಅವಳು ಗಂಡನಿಗೆ ಜೋಳದ ರೊಟ್ಟಿ ಮುರಿದು ಬಾಯಿಗಿಡುತ್ತಿದ್ದಳು. ಅವನ ಎರಡೂ ಕೈ ಮೊಣಕೈವರೆಗೆ ಬಟ್ಟೆ ಸುತ್ತಿದ ಮುದ್ದೆಗಳು. ಎರಡು ಬೆರಳು ಉಳಿಯಲಿಕ್ಕಿಲ್ಲ ಎಂದಿದ್ದರು ವೈದ್ಯರು. ಗಂಗೋತ್ರಿ ಅಪ್ಪನ ತೊಡೆಗೆ ಒರಗಿ ಚಿತ್ರ ಬರೆಯುತ್ತಿದ್ದಳು.

“ಚನ್ನು, ನನಗೊಬ್ಬಾಕಿಗೆ ಆಗವಲ್ದು,” ಎಂದಳು ಅವಳು. “ಸಂಜಿ ಪಾಳಿ ನೀ ತಗೋ. ಪಟ್ಟಿ ಬಿಚ್ತೀನಿ. ನಿನ್ನಷ್ಟು ಛಂದಾಗಿ ಅಂಜವ್ರು ಈ ಊರಾಗ ಯಾರೂ ಇದ್ದಿಲ್ಲ.”

“ಬಿಚ್ಚು. ನನಗೇನು,” ಎಂದ ಅವನು, ಕತ್ತು ಮುಂದೆ ಮಾಡಿ.

ಅವಳು ಕೊಂಡಿ ತೆಗೆದಳು. ಮೊದಲು ಏನೂ ಆಗಲಿಲ್ಲ. ಆಮೇಲೆ ಅವನ ಹಣೆಯಲ್ಲಿ ಹಳೆಯ ಗಂಟು ಮೆಲ್ಲಗೆ ಕಟ್ಟಿಕೊಂಡಿತು. ಅವನು ತನ್ನ ಕೈಗಳನ್ನು ನೋಡಿಕೊಂಡ, ಮೊದಲ ಸಲ ನೋಡಿದ ಹಾಗೆ. ಉಸಿರು ಏರತೊಡಗಿತು. ಇಷ್ಟು ದಿನ ಬರಬೇಕಾಗಿದ್ದ ಅಂಜಿಕೆಯೆಲ್ಲ ಒಟ್ಟಿಗೆ ಬಾಗಿಲು ಒಡೆದು ಬಂತು. ಮಗಳನ್ನು ಮುದ್ದೆಯ ಕೈಗಳಿಂದಲೇ ಬಾಚಿ ತಬ್ಬಿಕೊಂಡು ಗಡಗಡ ನಡುಗಿದ. ಮಗು ಹೆದರಿ ಅಳಲು ಶುರುಮಾಡಿತು. ಮಹಾನಂದಾ ಇಬ್ಬರನ್ನೂ ಅಪ್ಪಿಕೊಂಡಳು. ಅವಳಿಗೆ ಅಳುವಿನ ನಡುವೆಯೂ ಸುಖವೆನ್ನಿಸಿತು. ಅವಳ ಗಂಡ ಮನೆಗೆ ಬಂದಿದ್ದ.

“ನಂದಾ, ನಾ ಸತ್ತಿರ್ತಿದ್ದೆ. ಕೂಸು ಸತ್ತಿರ್ತಿತ್ತು. ನಾ ಚಾ ಕುಡಕೋತ ಕುಂತಿದ್ದೆ.”

“ಹೇಳು. ಎಲ್ಲಾ ಹೇಳು. ನಾ ಕೇಳಾಕತ್ತೀನಿ.”

ಅವನು ಬಾಯಿ ತೆರೆದ. ಮಾತು ಹೊರಡಲಿಲ್ಲ. ಹಲ್ಲು ಕಟಕಟಿಸುತ್ತಿದ್ದವು. ಕೊನೆಗೆ ನೆಲದ ಮೇಲೆ ಬಿದ್ದಿದ್ದ ಪಟ್ಟಿಯ ಕಡೆ ಗಲ್ಲ ತೋರಿಸಿದ. “ಹಾಕು. ನನಗ ತಡಕೊಳ್ಳಾಕ ಆಗವಲ್ದು. ನನ್ನ ಕೈಲಿ ಆಗಂಗಿಲ್ಲ, ನೀನ ಹಾಕು. ನಿನ್ನ ಕಾಲು ಬೀಳ್ತೀನಿ.”

“ಒಂದೀಟು ತಾಳು ಚನ್ನು. ಇವತ್ತೊಂದಿನ.”

ಅವನು ನಿಜಕ್ಕೂ ಅವಳ ಕಾಲಿಗೆ ಹಣೆ ಹಚ್ಚಿದ. ಮಗಳು ಮೂಲೆಗೆ ಸರಿದು ಕಿರುಚುತ್ತಿದ್ದಳು. ಮಹಾನಂದಾ ಪಟ್ಟಿ ಎತ್ತಿಕೊಂಡಳು, ಕೆಳಗಿಟ್ಟಳು, ಮತ್ತೆ ಎತ್ತಿಕೊಂಡಳು. ಕೊನೆಗೆ ತನ್ನ ಕೈಯಾರೆ ಅವನ ಕೊರಳಿಗೆ ಸುತ್ತಿ ಕೊಂಡಿ ಹಾಕಿದಳು.

ನಡುಕ ನಿಂತಿತು. ಹಣೆಯ ಗಂಟು ಬಿಚ್ಚಿಕೊಂಡಿತು. ಅವನು ಎದ್ದು ಕೂತು ಅವಳನ್ನು ನೋಡಿ ಪ್ರೀತಿಯಿಂದ ನಕ್ಕ. “ಸುಮ್ನ ಅಂಜಿಸಿದ್ನೇನು ನಿನ್ನ? ನಾಳಿಗೆ ನನ್ನ ಪಾಲಿಂದೂ ನೀನ ಅಂಜು, ಆಯ್ತಲ್ಲ?” ಎಂದು ಉಳಿದ ರೊಟ್ಟಿಗಾಗಿ ಬಾಯಿ ತೆರೆದ.

ಅವಳು ಹೂಂ ಎಂದು ತುತ್ತಿಟ್ಟಳು. ಕಿಟಕಿಯಾಚೆ ಟ್ಯಾಂಕಿನ ದೀಪಗಳು ಒಂದೊಂದಾಗಿ ಹತ್ತುತ್ತಿದ್ದವು. ಸಂಜೆಯ ಪಾಳಿ ಶುರುವಾಗಿತ್ತು, ಅದರಲ್ಲಿ ಅಂಜುವವರು ಯಾರೂ ಇರಲಿಲ್ಲ.